ಹೊಂಗೆ ಮರದಿಂದ ಕೊಳಾಯಿಯವರೆಗೆ

ಒದ್ದೆ ಸೌದೆಗೆ ಬರೆದ ಕಾಗದ ಹಚ್ಚಿದರೆ ಒಂದು ವಾಸನೆ ಬರುತ್ತದೆ. ಪೆನ್ಸಿಲ್ಲಿನ ಕಪ್ಪು, ಗೋಂದು, ಹಸಿ ಹೊಗೆ ಎಲ್ಲ ಸೇರಿದ ವಾಸನೆ. ಅದು ಬಂದರೆ ನಾನು ಆ ಜಾಗದಲ್ಲಿ ಕೂರುವುದಿಲ್ಲ. ಹೋದ ಕಾರ್ತಿಕದಲ್ಲಿ ಬಂಗಾರಪೇಟೆಯ ನಮ್ಮ ಮನೆಯ ಹಿಂದೆ ಮೊಮ್ಮಗಳು ಅನು ತನ್ನ ಹಳೇ ನೋಟ್‌ಬುಕ್ ಹರಿದು ನೀರೊಲೆಗೆ ಹಾಕುತ್ತಿದ್ದಳು. ನಾನು ಎದ್ದು ಬೀದಿ ಕಡೆ ಕಟ್ಟೆಗೆ ಹೋಗಿ ಕೂತೆ. ಯಾಕಜ್ಜಿ, ಹೊಗೆಗಾ ಎಂದು ಕೇಳಿದಳು. ಹೌದು ಅಂದೆ. ಸುಳ್ಳು. ಹುಟ್ಟಿದಾಗಿನಿಂದ ಒಲೆ ಊದಿದವಳಿಗೆ ಹೊಗೆ ಏನು ಮಾಡುತ್ತದೆ?

ನಾನು ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು. ಕಾಮಸಮುದ್ರದ ಪಕ್ಕದ ಹಳ್ಳಿಯಲ್ಲಿ ರಾಗಿ ಹೊಲದ ಕಳೆ ಕೀಳುತ್ತಿದ್ದವಳನ್ನು ಉರಿಗಾಂ ಲೈನಿಗೆ ಕೊಟ್ಟರು. ಚಿನ್ನದ ಗಣಿಯ ಕೆಲಸಗಾರರಿಗೆ ಕಟ್ಟಿಸಿದ್ದ ಮನೆಸಾಲುಗಳಿಗೆ ಲೈನ್ ಅನ್ನುತ್ತಿದ್ದರು. ಒಂದು ಕೋಣೆ, ಮುಂದೆ ಎರಡು ಜನ ಕೂರುವಷ್ಟು ಜಗುಲಿ, ಮೇಲೆ ತಗಡು. ಎಡಗಡೆ ಮನೆಯಲ್ಲಿ ತಮಿಳು, ಬಲಗಡೆ ಮನೆಯಲ್ಲಿ ತೆಲುಗು, ನಡುವೆ ನಾವು. ನನ್ನ ಗಂಡ ಮುನಿಯಪ್ಪನವರಿಗೆ ನೆಲದ ಕೆಳಗೆ ಡ್ರಿಲ್ ಹಿಡಿಯುವ ಕೆಲಸ.

ಮದುವೆಯಾಗಿ ಬಂದ ವಾರವೇ ಎಡಗಡೆ ಮನೆಯ ಕನ್ನಿಯಮ್ಮ ನನಗೊಂದು ವಿಷಯ ಕಲಿಸಿದಳು. ಶಿಫ್ಟ್ ಬಿಡುವ ಹೊತ್ತಿಗೆ ನಾನು ಬಾಗಿಲಲ್ಲಿ ನಿಂತು ದಾರಿ ನೋಡುತ್ತಿದ್ದೆ. ಅವಳು ಬಂದು ಕೈ ಹಿಡಿದು ಒಳಗೆ ಎಳೆದಳು. ಗಂಡಸರು ಗಣಿಯಿಂದ ಬರುವ ದಾರಿಯನ್ನು ನಮ್ಮ ಲೈನಿನ ಹೆಂಗಸರು ನೋಡುತ್ತಿರಲಿಲ್ಲ. ದಾರಿ ನೋಡುವುದೇನಿದ್ದರೂ ಸಂಗು ಕೂಗಿದ ದಿನ. ಗಣಿಯ ಸೈರನ್ನಿಗೆ ತಮಿಳರು ಸಂಗು ಅನ್ನುತ್ತಿದ್ದರು, ನಮ್ಮ ಬಾಯಿಗೂ ಅದೇ ಬಂದಿತ್ತು. ಹೊತ್ತಲ್ಲದ ಹೊತ್ತಿನಲ್ಲಿ ಅದು ಕೂಗಿದರೆ ಕೆಳಗೆ ಬಂಡೆ ಸಿಡಿದಿದೆ ಎಂದು ಅರ್ಥ. ಅವತ್ತು ಒಲೆಯ ಮೇಲೆ ಏನಿದ್ದರೂ ಬಿಟ್ಟು ಗಣಿಗೆ ಇಳಿಯುವ ಬಾವಿಯ, ಶಾಫ್ಟಿನ, ಗೇಟಿಗೆ ಓಡಬೇಕು. ಕೇಜ್ ಅನ್ನುವ ಕಬ್ಬಿಣದ ಲಿಫ್ಟಿನಲ್ಲಿ ಮೇಲೆ ಬರುವವರನ್ನು ಒಬ್ಬೊಬ್ಬರಾಗಿ ಎಣಿಸಬೇಕು. ಉಳಿದ ದಿನ ದಾರಿಗೆ ಬೆನ್ನು ಹಾಕಿ ಒಲೆ ಮುಂದೆ ಕೂರಬೇಕು, ಯಾರಿಗೂ ಕಾಯುತ್ತಿಲ್ಲ ಅನ್ನುವ ಹಾಗೆ. ಹದಿನೈದು ವರ್ಷ ನಾನು ಹಾಗೇ ಕೂತೆ. ಚಪ್ಪಲಿ ಸದ್ದು ಹೊಸಲಿಗೆ ಬಂದ ಮೇಲೆ ತಟ್ಟೆ ಇಡುತ್ತಿದ್ದೆ.

ನಾನು ಹೇಳುವ ವರ್ಷ ಎಂಬತ್ತರ ಮೇಲೆ ಎರಡೋ ಮೂರೋ. ಮಗಳು ಮಂಜುಳಗೆ ಹನ್ನೆರಡು. ಅವಳ ಪರೀಕ್ಷೆ ಮುಗಿದ ಶನಿವಾರ ಮಧ್ಯಾಹ್ನ ಲೈನಿನ ಮಕ್ಕಳಿಗೆ ಗಣಿಯವರ ಹಾಲ್‌ನಲ್ಲಿ ಪುಕ್ಕಟೆ ಸಿನಿಮಾ ಹಾಕಿದರು. ಮನುಷ್ಯರು ಆಡುವ ಸಿನಿಮಾ ಅಲ್ಲ, ಕೈಯಲ್ಲಿ ಬರೆದ ಚಿತ್ರಗಳೇ ಓಡಾಡುವ ಸಿನಿಮಾ, ಯಾವುದೋ ಹೊರದೇಶದ್ದು, ಬಹಳ ಹಳೆಯದು ಎಂದರು. ನಾನು ಹೋಗಿದ್ದು ಹಾಲ್‌ನಲ್ಲಿ ಫ್ಯಾನ್ ಇದೆ ಎಂದು. ಹೆಂಗಸರೆಲ್ಲ ಅದಕ್ಕೇ ಬಂದಿದ್ದರು. ಗಂಡಸರು ಎರಡನೇ ಶಿಫ್ಟಿಗೆ ಕೆಳಗೆ ಇಳಿದಿದ್ದರು.

ಮಾತು ಇಂಗ್ಲಿಷು, ಒಂದೂ ತಿಳಿಯಲಿಲ್ಲ, ತಿಳಿಯಬೇಕಾಗಿಯೂ ಇರಲಿಲ್ಲ. ತಾಯಿಯಿಲ್ಲದ ಹುಡುಗಿ. ಅವಳನ್ನು ಕಂಡರಾಗದ ಮಲತಾಯಿ. ಹುಡುಗಿ ಓಡಿಹೋಗಿ ಕಾಡು ಸೇರುತ್ತಾಳೆ. ಇಂಥ ಕಥೆ ನಮ್ಮಜ್ಜಿಯೂ ಹೇಳುತ್ತಿದ್ದಳು. ಆದರೆ ಆ ಕಾಡಿನಲ್ಲಿ ಗುಡ್ಡ ಕೊರೆಯುವ ಕುಳ್ಳರು ಇದ್ದರು. ಹೆಗಲ ಮೇಲೆ ಗುದ್ದಲಿ, ಕೈಯಲ್ಲಿ ಲಾಂದ್ರ. ಅವರು ಗುಡ್ಡದ ಬಾಯಿಂದ ಹೊರಗೆ ಬಂದಾಗ ಹಾಲ್‌ನಲ್ಲಿದ್ದ ಹೆಂಗಸರೆಲ್ಲ ನೆಟ್ಟಗೆ ಕೂತರು. ಮೈಮೇಲೆ ಒಂದು ಚೂರು ಧೂಳಿಲ್ಲ ಅವಕ್ಕೆ. ಕೆನ್ನೆ ಕೆಂಪಗೆ. ಕನ್ನಿಯಮ್ಮ ನನ್ನ ತೊಡೆ ಚಿವುಟಿ ಹೇಳಿದಳು: "ನೋಡಕ್ಕಾ, ಒಬ್ನಾದ್ರೂ ಕೆಮ್ತಾನಾ?" ಸುತ್ತ ಇದ್ದವರೆಲ್ಲ ನಕ್ಕರು. ನಗುತ್ತಲೇ ನಾನು ಆ ಕುಳ್ಳರನ್ನು ಎಣಿಸುತ್ತಿದ್ದೆ. ನಾನೊಬ್ಬಳೇ ಅಲ್ಲ, ಸಾಲಿನ ಉದ್ದಕ್ಕೂ ತುಟಿಗಳು ಅಲ್ಲಾಡುತ್ತಿದ್ದವು. ಎಲ್ಲರೂ ಹೊರಗೆ ಬಂದ ಮೇಲೆ ಬೆನ್ನು ಕುರ್ಚಿಗೆ ಒರಗಿಸಿದೆವು.

ಆಮೇಲೆ ಮಲತಾಯಿ ಮೋಸ ಮಾಡಿದಳು, ಹುಡುಗಿ ನೆಲಕ್ಕೆ ಬಿದ್ದಳು. ಕುಳ್ಳರು ಅವಳನ್ನು ಗಾಜಿನ ಪೆಟ್ಟಿಗೆಯಲ್ಲಿ ಮಲಗಿಸಿದರು. ಮಣ್ಣಿಗೆ ಹಾಕಲು ಮನಸ್ಸು ಬರಲಿಲ್ಲವೇನೋ. ಆಗ ಅವರಲ್ಲೊಬ್ಬ ಬಂಡೆಯ ಮೇಲೆ ಹತ್ತಿ ದೊಡ್ಡದೊಂದು ಕೊಂಬು ಊದಿದ. ಹಾಲ್‌ನ ಸ್ಪೀಕರ್ ಹಳೆಯದು, ಸೂರು ತಗಡು. ಆ ಸದ್ದು ಎದ್ದು ಎದ್ದು ಉದ್ದಕ್ಕೆ ಹೋಯಿತು. ನಮ್ಮ ಸಂಗು ಹೇಗೆ ಕೂಗುತ್ತದೋ ಹಾಗೇ.

ಯಾರು ಮೊದಲು ಎದ್ದರೋ ಗೊತ್ತಿಲ್ಲ. ನಾನು ಮಂಜುಳನ ರಟ್ಟೆ ಹಿಡಿದು ಎಳೆದುಕೊಂಡು ಓಡುತ್ತಿದ್ದೆ, ಅಷ್ಟು ಗೊತ್ತು. "ಸಿನ್ಮಾದಾಗ್ ಊದಿದ್ದಮ್ಮಾ, ಸಿನ್ಮಾದಾಗೆ" ಎಂದು ಅವಳು ಕೂಗುತ್ತಿದ್ದಳು. ಕೇಳಿಸಿಕೊಳ್ಳುವವರು ಯಾರು? ಬಿಸಿಲಲ್ಲಿ ಅರವತ್ತು ಎಪ್ಪತ್ತು ಹೆಂಗಸರು ಬರಿಗಾಲಲ್ಲಿ ಶಾಫ್ಟಿನ ಗೇಟಿಗೆ ಹೋಗಿ ಕಂಬಿ ಹಿಡಿದು ನಿಂತೆವು. ಗೇಟಿನವನು ಬೀಡಿ ಕೈಯಲ್ಲೇ ಹಿಡಿದು ಎದ್ದು ಬಂದ.

"ಯಾವ ಸಂಗು? ನೆಲ ಅದುರ್ತಾ? ಪಾತ್ರೆ ಬಿದ್ವಾ ನಿಮ್ಮನೇಲಿ?"

ಹೌದು, ಬಂಡೆ ಸಿಡಿದರೆ ಮೊದಲು ನೆಲ ಅದುರುತ್ತದೆ, ಗೂಡಿನ ಪಾತ್ರೆ ಉರುಳುತ್ತವೆ. ಏನೂ ಆಗಿರಲಿಲ್ಲ. ಕನ್ನಿಯಮ್ಮ ಅಲ್ಲೇ ನೆಲದ ಮೇಲೆ ಕೂತು ನಕ್ಕಳು, ನಕ್ಕು ನಕ್ಕು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಎರಡು ವರ್ಷದ ಹಿಂದೆ ಅದೇ ಗೇಟಿನಲ್ಲಿ ಎಣಿಸಿದಾಗ ಒಂದು ಕಮ್ಮಿ ಬಂದಿತ್ತು, ಅವಳ ಮೈದುನ. ನಾವು ಯಾರೂ ಅವಳ ಮುಖದ ಸೆರಗು ತೆಗೆಯಲಿಲ್ಲ.

ತಿರುಗಿ ಹೋಗುವಷ್ಟರಲ್ಲಿ ಸಿನಿಮಾ ಮುಗಿದಿತ್ತು. ಮಂಜುಳ ಓಡಿದ್ದು ಆಪರೇಟರ್ ಹತ್ತಿರ. ಆರೋಗ್ಯಸ್ವಾಮಿ ಎಂದು, ನಮ್ಮ ಲೈನಿನವರೇ, ವಯಸ್ಸಾದವರು. ಪೆಟ್ಟಿಗೆಯಲ್ಲಿದ್ದ ಹುಡುಗಿ ಎದ್ದಳಾ ಇಲ್ಲವಾ ಎಂದು ಕೇಳಿದಳು. ರೀಲು ತಿರುಗಿ ಬರುತ್ತದೆ, ಆಗ ನೀನೇ ನೋಡು ಎಂದರು ಅವರು. ಅದು ತಿರುಗಿ ಬರಲಿಲ್ಲ. ಅವಳ ಮುಖ ನೋಡಿ ಏನನ್ನಿಸಿತೋ, ಯಾವತ್ತೋ ಹರಿದಿದ್ದ ರೀಲಿನ ತುಂಡೊಂದನ್ನು ಡಬ್ಬಿಯಿಂದ ತೆಗೆದು ಕೊಟ್ಟರು. ಗೇಣುದ್ದ. ಅವಳು ಬಿಸಿಲಿಗೆ ಹಿಡಿದಳು, ನಾನೂ ಬಗ್ಗಿ ನೋಡಿದೆ. ಒಬ್ಬನೇ ಕುಳ್ಳನ ಚಿತ್ರಗಳು, ಬೆರಳುಗುರಿನಷ್ಟು ದೊಡ್ಡವು, ಒಂದರ ಕೆಳಗೊಂದು.

"ಎಲ್ಲಾ ಒಂದೇ ಐತಲ್ಲ" ಅಂದೆ ನಾನು.

"ಒಂದೇ ಇಲ್ಲಮ್ಮಾ. ಕಾಲ್ ನೋಡಿ" ಎಂದರು ಆರೋಗ್ಯಸ್ವಾಮಿ.

ನೋಡಿದೆ. ಕಾಲು ಕೂದಲೆಳೆಯಷ್ಟು ಮೇಲೆ, ಇನ್ನೊಂದರಲ್ಲಿ ಇನ್ನೊಂದಿಷ್ಟು ಮೇಲೆ. ಒಂದು ಹೆಜ್ಜೆ ಎತ್ತಿ ಇಡಬೇಕಾದರೆ ಹತ್ತು ಹನ್ನೆರಡು ಚಿತ್ರ ಬರೆಯಬೇಕಂತೆ. ನೂರಾರು ಜನ ಸಾಲಾಗಿ ಮೇಜು ಹಾಕಿಕೊಂಡು ವರ್ಷಗಟ್ಟಲೆ ಕೂತು ಬರೆದರಂತೆ. ಒಬ್ಬರು ಗೆರೆ ಎಳೆದರೆ ಇನ್ನೊಬ್ಬರು ಬಣ್ಣ ತುಂಬುವುದು, ಬಣ್ಣ ತುಂಬಿದ್ದು ಬಹಳ ಮಟ್ಟಿಗೆ ಹೆಂಗಸರೇ ಅಂತೆ. ಆರೋಗ್ಯಸ್ವಾಮಿಗೆ ಇದನ್ನೆಲ್ಲ ಯಾರು ಹೇಳಿದ್ದರೋ. ನನಗೆ ತಲೆ ಕೆಟ್ಟಿತು. ಒಂದು ಹೆಜ್ಜೆಗೆ ಹನ್ನೆರಡು ಚಿತ್ರ ಬರೆಯುವವರ ಮನೆಯಲ್ಲಿ ಅಡುಗೆ ಯಾರು ಮಾಡುತ್ತಿದ್ದರು ಎಂದುಕೊಂಡೆ.

ಮರುದಿನ ಬೆಳಗ್ಗೆ ನಮ್ಮ ಮನೆಯವರಿಗೆ ಗೇಟಿನ ಕಥೆ ಹೇಳಿದರೆ ಅವರು ನಕ್ಕರು. ನಗು ಕೆಮ್ಮಿಗೆ ತಿರುಗಿತು. ಆ ವರ್ಷ ಅವರ ನಗುವೆಲ್ಲ ಕೆಮ್ಮಿಗೇ ತಿರುಗುತ್ತಿತ್ತು. ಗಣಿಯ ಧೂಳು ಎದೆಯಲ್ಲಿ ಕೂತಿತ್ತು, ಅದು ಎದ್ದು ಹೋಗುವಂಥದ್ದಲ್ಲ ಎಂದು ಲೈನಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಮಂಜುಳ ರೀಲಿನ ತುಂಡು ತೋರಿಸಿ ಎಲ್ಲ ವಿವರಿಸಿದಳು. ಅವರು ಕೇಳಿದ್ದು ಒಂದೇ ಮಾತು.

"ಅಷ್ಟ್ ಜನ ಕೂತ್ ಬರದ್ರಲ್ಲ, ಅವ್ರ ಎಸ್ರು ಯಾರ್ಗಾನ ಗೊತ್ತೈತಾ?"

ಇಲ್ಲ ಎಂದಳು ಅವಳು.

"ನಮ್ದೂ ಅಂಗೇ ಬುಡು" ಎಂದು ಚಪ್ಪಲಿ ಹಾಕಿಕೊಂಡು ಹೋದರು.

ಆ ವಾರ ಅವರು ಆಫೀಸಿನಲ್ಲಿ ಬಿಸಾಡಿದ್ದ ಹಳೇ ಹಾಜರಿ ಪುಸ್ತಕ ತಂದುಕೊಟ್ಟರು. ದಪ್ಪ ಹಾಳೆ, ಒಂದು ಮಗ್ಗುಲು ಖಾಲಿ. ಮಂಜುಳ ಅದನ್ನು ಅಂಗೈಯಗಲ ಕತ್ತರಿಸಿ ದಾರ ಹಾಕಿ ಹೊಲಿದಳು. ಅವಳಿಗೆ ಸ್ಕೂಲು ರಜ ಇತ್ತು. ಮೊದಲನೇ ಶಿಫ್ಟ್ ಇದ್ದ ವಾರ ಅವರು ಮಧ್ಯಾಹ್ನ ಬರುವ ಹೊತ್ತಿಗೆ ಸರಿಯಾಗಿ ಹೊಸಲ ಮೇಲೆ ಕೂತು ದಾರಿ ನೋಡುವುದು, ಅವರು ಬಂದ ಮೇಲೆ ನೋಡಿದ್ದನ್ನು ಬರೆಯುವುದು. ಅಪ್ಪ ಗಣಿಯಿಂದ ಮನೆಗೆ ನಡೆದು ಬರುವ ಸಿನಿಮಾ ಮಾಡುತ್ತೇನೆ ಎಂದಳು. ದಿನಕ್ಕೆ ಒಂದು ಹೆಜ್ಜೆ, ಬಹಳ ಆದರೆ ಒಂದೂವರೆ.

ನನಗೆ ಅದು ಸರಿಬರಲಿಲ್ಲ. ದಾರಿ ನೋಡಬೇಡ, ಒಳಗೆ ಬಾ ಎಂದು ದಿನಾ ಬೈದೆ. ಒಂದು ದಿನ ಬೈಯುತ್ತಿರುವಾಗಲೇ ಅವರು ಹೊಸಲಿಗೆ ಬಂದರು.

"ನೋಡ್ಲಿ ಬುಡು. ನೀನಂತೂ ನೋಡಲ್ಲ" ಎಂದರು.

ಕೋಪದಲ್ಲಿ ಹೇಳಿದ್ದಲ್ಲ. ಕೈ ತೊಳೆಯಲು ನೀರು ಕೇಳಿದ ಹಾಗೆ ಹೇಳಿದರು. ನಾನು ತಟ್ಟೆ ಇಟ್ಟೆ.

ಮಳೆ ಶುರುವಾಗುವಷ್ಟರಲ್ಲಿ ಪುಸ್ತಕ ಮುಗಿಯಿತು. ಒಂದು ಕಡೆ ಬಿಗಿಯಾಗಿ ಹಿಡಿದು ಇನ್ನೊಂದು ಅಂಚನ್ನು ಹೆಬ್ಬೆರಳಿನಿಂದ ಸರಸರ ಬಿಡಬೇಕು. ಆಗ ಅವರು ಸೈನೈಡ್ ದಿಬ್ಬದ ಕಡೆಯಿಂದ, ಚಿನ್ನ ತೆಗೆದು ಸುರಿದ ಪುಡಿಮಣ್ಣಿನ ಗುಡ್ಡದ ಕಡೆಯಿಂದ, ಬರುತ್ತಿದ್ದರು. ಸಣ್ಣದಾಗಿ, ಆಮೇಲೆ ದೊಡ್ಡದಾಗಿ. ಬಲಗಾಲು ಸ್ವಲ್ಪ ಹೊರಕ್ಕೆ ಎಸೆದು ನಡೆಯುವುದು, ಯಾವಾಗಲೋ ಕಲ್ಲು ಬಿದ್ದಿದ್ದ ಕಾಲು ಅದು. ಕೈಯಲ್ಲಿ ಊಟದ ಕ್ಯಾರಿಯರ್. ಹೊಂಗೆ ಮರ, ಆಮೇಲೆ ಬೀದಿ ಕೊಳಾಯಿ, ಆಮೇಲೆ ನಮ್ಮ ಬಾಗಿಲು. ಮಂಜುಳ ಲೈನಿನ ಎಲ್ಲ ಮನೆಗೂ ತೋರಿಸಿ ಬಂದಳು. ಕನ್ನಿಯಮ್ಮ ಮೂರು ಸಲ ಬಿಡಿಸಿ ನೋಡಿದಳಂತೆ. ನನಗೆ ತೋರಿಸಿದಾಗ ನನ್ನ ಕೈ ತುಂಬ ರಾಗಿ ಹಿಟ್ಟು. ಒಂದು ಸಲ ನೋಡಿ ಚೆನ್ನಾಗೈತೆ ಅಂದೆ, ಮುದ್ದೆ ತಿರುಗಿಸಲು ಹೋದೆ.

ಕಾರ್ತಿಕದಲ್ಲಿ ಮದ್ರಾಸಿನ ಕಡೆ ಸೈಕ್ಲೋನ್ ಎದ್ದರೆ ನಮಗೆ ಮೂರು ದಿನ ಬಿಡದೆ ಜಡಿ. ಆ ಸಲ ಐದು ದಿನ ಹಿಡಿಯಿತು. ಸೌದೆಯೆಲ್ಲ ನೆನೆದಿತ್ತು, ರೇಷನ್ ಸೀಮೆಎಣ್ಣೆ ಮುಗಿದಿತ್ತು. ನಾಲ್ಕನೇ ದಿನ ಬೆಳಗ್ಗೆ ಅವರು ಗೋಡೆಗೆ ಒರಗಿ ಕೂತು ಕೆಮ್ಮುತ್ತಿದ್ದರು, ಬಿಸಿನೀರು ಬೇಕಿತ್ತು. ಒಲೆ ಹತ್ತಲೇ ಇಲ್ಲ. ಗೂಡಿಗೆ ಕೈ ಹಾಕಿದೆ, ಆ ಪುಸ್ತಕ ಸಿಕ್ಕಿತು. ಕತ್ತಲೆಯಲ್ಲಿ ಗೊತ್ತಾಗಲಿಲ್ಲ, ಯಾವುದೋ ರದ್ದಿ ಎಂದುಕೊಂಡೆ ಎಂದು ಹೇಳಿ ತಪ್ಪಿಸಿಕೊಳ್ಳಬಹುದು. ಗೊತ್ತಿತ್ತು. ಕೈಯಲ್ಲಿ ಹಿಡಿದು ಯೋಚನೆಯೂ ಮಾಡಿದೆ. ಮೊದಲ ಹಾಳೆ ಹರಿದರೆ ಅವಳಿಗೆ ಗೊತ್ತಾಗುತ್ತದೆ, ಕೊನೆಯದು ಹರಿದರೂ ಗೊತ್ತಾಗುತ್ತದೆ. ನಡುವೆ ಎಲ್ಲ ಒಂದೇ ಚಿತ್ರ, ಒಂದಿಷ್ಟು ಹೋದರೆ ಯಾರಿಗೆ ಗೊತ್ತು? ನಡುವಿನಿಂದ ಒಂದು ಹಿಡಿ ಕಿತ್ತೆ. ಒಲೆ ಹತ್ತಿತು. ನೀರು ಕಾಯಿತು. ಅವರು ಕುಡಿದರು.

ಮಂಜುಳಗೆ ಗೊತ್ತಾಗಿದ್ದು ಮಳೆ ಬಿಟ್ಟ ಮೇಲೆ, ಬಿಸಿಲಿಗೆ ಪುಸ್ತಕ ತೆಗೆದಾಗ. ಹೊಸಲ ಮೇಲೆ ಕೂತು ಒಂದು ಸಲ ಬಿಟ್ಟಳು, ಇನ್ನೊಂದು ಸಲ ಬಿಟ್ಟಳು. ಆಮೇಲೆ ನನ್ನ ಕಡೆ ತಿರುಗಿದಳು.

"ಅಮ್ಮಾ, ಒಂಗೆ ಮರದತ್ರ ಇದ್ದ ಅಪ್ಪ ಕೊಳಾಯಿತಾವ ಎಂಗ್ ಬಂದ?"

ಒಲೆಗೆ ಹಾಕಿದೆ ಅಂದೆ. ನಿಮ್ಮಪ್ಪನ ನೀರಿಗೇ ಹಾಕಿದ್ದು, ಇನ್ನೊಂದು ಸಲ ಬರೆದುಕೋ, ದಿನಾ ಬರುತ್ತಾರಲ್ಲ ಅಂದೆ. ಅವಳು ಅಳಲಿಲ್ಲ. ಅತ್ತಿದ್ದರೆ ಬೈದು ಸುಮ್ಮನಿರಿಸುತ್ತಿದ್ದೆ.

ಬರೆಯಲು ಕೂತಳು. ಆದರೆ ಅಷ್ಟರಲ್ಲಿ ಅವರು ಕೆಳಗೆ ಇಳಿಯುವುದು ನಿಂತಿತ್ತು, ಮನೆಯಲ್ಲೇ ಇದ್ದರು. ಹರಿದ ಹಾಳೆಗಳಲ್ಲಿ ಇದ್ದದ್ದು ಏನು ಎಂದು ಆಗ ನನಗೆ ತಿಳಿಯಿತು. ಮರದವರೆಗೆ ಕ್ಯಾರಿಯರ್ ಎಡಗೈಯಲ್ಲಿ ಇರುತ್ತಿತ್ತಂತೆ. ಕೊಳಾಯಿಗೆ ಬರುವಷ್ಟರಲ್ಲಿ ಬಲಗೈಗೆ ಬರುತ್ತಿತ್ತಂತೆ. ದಿನಾ. ಎಡಗೈ ಖಾಲಿ ಮಾಡಿಕೊಂಡರೆ ಕೊಳಾಯಿ ತಿರುಗಿಸಿ ಕಾಲು ತೊಳೆಯಬಹುದು. ಅದನ್ನು ನಿಂತು ಬದಲಾಯಿಸುತ್ತಿದ್ದರಾ, ನಡೆಯುತ್ತಲೇ ಬದಲಾಯಿಸುತ್ತಿದ್ದರಾ, ಬೆನ್ನ ಹಿಂದಿನಿಂದ ತರುತ್ತಿದ್ದರಾ? ಮಂಜುಳಗೆ ನೆನಪು ಕಲೆಸಿಹೋಗಿತ್ತು. ನನ್ನನ್ನು ಕೇಳಿದಳು. ಹದಿನೈದು ವರ್ಷ ಆ ಕ್ಯಾರಿಯರ್ ತುಂಬಿದವಳು, ತೊಳೆದವಳು ನಾನು. ಅದು ಯಾವ ಕೈಯಲ್ಲಿ ಮನೆಗೆ ಬರುತ್ತಿತ್ತು ಎಂದೂ ನನಗೆ ಗೊತ್ತಿರಲಿಲ್ಲ.

ಅವರು ಎದ್ದರು. ಕ್ಯಾರಿಯರ್ ಕೊಡು ಎಂದರು. ಖಾಲಿ ಕ್ಯಾರಿಯರ್ ಕೊಟ್ಟೆ. ಮರದವರೆಗೆ ಹೋಗುವುದಕ್ಕೇ ಬಹಳ ಹೊತ್ತಾಯಿತು. ಅಲ್ಲಿ ಮರ ಹಿಡಿದು ನಿಂತು ಉಸಿರು ತಂದುಕೊಂಡರು. ಮಂಜುಳ ಪೆನ್ಸಿಲ್ ಹಿಡಿದು ಹೊಸಲ ಮೇಲೆ. ಅವತ್ತು ನಾನೂ ಅವಳ ಹಿಂದೆ ಬಾಗಿಲಲ್ಲಿ ನಿಂತೆ. ಕನ್ನಿಯಮ್ಮ ಜಗುಲಿಯಿಂದ ನೋಡಿದಳು, ಒಳಗೆ ಎಳೆಯಲು ಬರಲಿಲ್ಲ.

ನಡೆದರು. ನಾಲ್ಕು ಹೆಜ್ಜೆಗೆ ನಿಂತು ಕ್ಯಾರಿಯರ್ ನೋಡಿಕೊಂಡರು. ಎಡಗೈಯಿಂದ ಬಲಗೈಗೆ ಕೊಟ್ಟರು. ತಲೆ ಆಡಿಸಿ ಅದನ್ನು ತಿರುಗಿ ಎಡಗೈಗೆ ತಂದರು.

"ಇಂಗಲ್ಲ ಕಣಮ್ಮಾ" ಎಂದರು. "ಎಂಗೆ ಮಾಡ್ತಿದ್ನೋ ನನ್ಗೇ ಗೊತ್ತಿಲ್ಲ. ಕೈಗೆ ಗೊತ್ತಿತ್ತು."

ಮಂಜುಳ ಪುಸ್ತಕ ಮುಚ್ಚಿದಳು. ಸಾಕು ಬಾ ಅಪ್ಪಾ ಎಂದಳು. ನಾಳೆ ಇನ್ನೊಂದು ಸಲ ನಡೆಯುತ್ತೇನೆ ಬಿಡು ಎಂದು ಅವರು ಬಂದು ಮಲಗಿದರು. ಆ ನಾಳೆಗಳಲ್ಲಿ ಆಸ್ಪತ್ರೆಗೆ ಹೋಗಿ ಬರುವುದೇ ಆಯಿತು. ಕೊನೆಕೊನೆಗೆ ಅವರಿಗೆ ಎರಡು ಕೈಯೂ ಬೇಕಿತ್ತು, ಗೋಡೆ ಹಿಡಿಯುವುದಕ್ಕೆ. ಸಂಕ್ರಾಂತಿ ಆದ ಒಂಬತ್ತನೇ ದಿನ ಬೆಳಗ್ಗೆ ಹೋದರು. ಹೊಂಗೆ ಮರದ ಕೆಳಗೆ ಎರಡು ಲೈನಿನ ಗಂಡಸರೆಲ್ಲ ಬಂದು ನಿಂತಿದ್ದರು. ನಾನು ಅವರನ್ನು ಎಣಿಸಲಿಲ್ಲ.

ಮಾಡಬೇಕಾದ್ದೆಲ್ಲ ಮುಗಿದ ಮೇಲೆ ಒಂದು ದಿನ ಮಂಜುಳ ಪುಸ್ತಕದ ಹೊಲಿಗೆ ಬಿಚ್ಚುತ್ತಿದ್ದಳು. ಬಿಸಾಡುತ್ತಾಳೇನೋ ಎಂದುಕೊಂಡೆ, ಕೇಳುವ ಧೈರ್ಯ ಆಗಲಿಲ್ಲ. ಹಾಜರಿ ಪುಸ್ತಕದಲ್ಲಿ ಉಳಿದಿದ್ದ ಹಾಳೆ ಕತ್ತರಿಸಿ, ನಾನು ಹರಿದ ಜಾಗದಲ್ಲಿ ಖಾಲಿ ಹಾಳೆ ಇಟ್ಟು ತಿರುಗಿ ಹೊಲಿದಳು. ಎಷ್ಟು ಹೋಗಿದ್ದವು ಎಂದು ಅವಳಿಗೆ ಲೆಕ್ಕ ಗೊತ್ತಿತ್ತು. ಇಪ್ಪತ್ತೆರಡು. ಅದಾದ ಮೇಲೆ ಅವಳು ಬರೆದಿದ್ದು ಬಾಗಿಲ ಮುಂದಿನ ರಂಗೋಲಿ ಮಾತ್ರ. ಈಗ ಬಂಗಾರಪೇಟೆಯ ಕಡೆ ಹಾಲಿನ ಡೇರಿಯಲ್ಲಿ ಹಾಲು ಪರೀಕ್ಷೆ ಮಾಡುತ್ತಾಳೆ. ಒಳ್ಳೆಯ ಕೆಲಸಗಾರ್ತಿ. ಪುಸ್ತಕದ ವಿಷಯ ಅವಳೂ ಎತ್ತಿಲ್ಲ, ನಾನೂ ಎತ್ತಿಲ್ಲ.

ಆ ಸಿನಿಮಾದ ಕೊನೆಯನ್ನು ನಾನು ನೋಡಿದ್ದು ಮೊನ್ನೆ ಮೊನ್ನೆ, ಟಿವಿಯಲ್ಲಿ. ಅನು ಹಾಕಿಕೊಂಡು ಕೂತಿದ್ದಳು, ಗಾಜಿನ ಪೆಟ್ಟಿಗೆ ನೋಡಿ ನಾನು ನಿಂತೆ. ಹುಡುಗಿ ಕಣ್ಣು ಬಿಟ್ಟಳು, ಎದ್ದು ಕೂತಳು. ಅಷ್ಟೇ. ಬರೆಯುವವರ ಕೈಯಲ್ಲಿ ಅದೇನು ದೊಡ್ಡದಲ್ಲ. ಮುಚ್ಚಿದ ಕಣ್ಣಿನ ಹಾಳೆ ಆದ ಮೇಲೆ ಸ್ವಲ್ಪ ತೆರೆದ ಕಣ್ಣಿನದೊಂದು ಹಾಳೆ ಬರೆದರೆ ಆಯಿತು.

ಹೋದ ಕಾರ್ತಿಕದಲ್ಲಿ ನಾನು ಎದ್ದು ಹೋಗಿ ಕಟ್ಟೆಯ ಮೇಲೆ ಕೂತ ಆ ದಿನ ಅನು ಒಲೆ ಹೊತ್ತಿಸಿ ನನ್ನ ಪಕ್ಕ ಬಂದು ಕೂತಳು. ನನಗೆ ಏನನ್ನಿಸಿತೋ, ಟ್ರಂಕಿನಿಂದ ಪುಸ್ತಕ ತಂದು ಕೊಟ್ಟೆ. ತಾತನನ್ನು ಅವಳು ಫೋಟೋದಲ್ಲಿ ಮಾತ್ರ ನೋಡಿದವಳು. ನಾಲ್ಕೈದು ಸಲ ಬಿಟ್ಟು ನೋಡಿದಳು. ಈಗಿನ ಮಕ್ಕಳ ಕಣ್ಣು ಚುರುಕು.

"ಅಜ್ಜಿ, ಮರದ ಹತ್ರ ಕ್ಯಾರಿಯರ್ ಎಡಗೈಲಿತ್ತು. ಇಲ್ಲಿ ನೋಡು, ಬಲಗೈಲಿದೆ. ಮಧ್ಯ ಏನಾಯ್ತು?"

"ಗೊತ್ತಿಲ್ಲ ಕಣಮ್ಮಿ. ನಾನು ನೋಡ್ಲಿಲ್ಲ. ನೋಡಿದ್ದೋಳು ಬರ್ದಿದ್ದನ್ನ ಒಲೆಗಾಕ್ದೆ."

ಅವಳು ನನ್ನ ಮುಖ ನೋಡಿದಳು. ಆಮೇಲೆ, ಪರವಾಗಿಲ್ಲಜ್ಜಿ, ಖಾಲಿ ಹಾಳೆ ಇದೆಯಲ್ಲ, ನಾನೇ ಬರೆದು ಸೇರಿಸುತ್ತೇನೆ, ಸುಲಭ ಎಂದಳು. ಡೇರಿಯಿಂದ ಬಂದ ಮಂಜುಳ ಚಪ್ಪಲಿ ಬಿಡುತ್ತಾ ಅದನ್ನು ಕೇಳಿಸಿಕೊಂಡಳು. ಬೇಡ ಎಂದಳು. ಪುಸ್ತಕ ತೆಗೆದುಕೊಂಡು ಒಳಗೆ ಇಡುವ ಬದಲು ನನ್ನ ಮಡಿಲಲ್ಲೇ ಇಟ್ಟು ಕೈಕಾಲು ತೊಳೆಯಲು ಹೋದಳು.

ಅವತ್ತಿನಿಂದ ಅದು ನನ್ನ ಹಾಸಿಗೆ ಪಕ್ಕದಲ್ಲೇ ಇದೆ. ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದಾಗ ತೆಗೆಯುತ್ತೇನೆ. ಸೈನೈಡ್ ದಿಬ್ಬದ ಕಡೆಯಿಂದ ಅವರು ಬರುತ್ತಾರೆ, ಕಾಲು ಹೊರಕ್ಕೆ ಎಸೆಯುತ್ತಾ. ಹೊಂಗೆ ಮರಕ್ಕೆ ಬಂದ ಮೇಲೆ ನಾನು ಹೆಬ್ಬೆರಳು ನಿಧಾನ ಮಾಡುತ್ತೇನೆ. ಆಮೇಲೆ ಬರೀ ಬಿಳಿ. ಕೇಜಿನ ಮುಂದೆ ನಿಂತು ಎಣಿಸುತ್ತಿದ್ದ ಹಾಗೆ ಒಂದೊಂದೇ ಎಣಿಸುತ್ತೇನೆ. ಇಪ್ಪತ್ತೆರಡು ಆದ ಮೇಲೆ ಕೊಳಾಯಿಯ ಹತ್ತಿರ ಕಾಲು ಕಾಣುತ್ತದೆ. ಬಾಗಿಲಿಗೆ ಬರುವವರೆಗೂ ನೋಡುತ್ತೇನೆ.